ಸಮಕ್ಕೆ ಕಾಯದ ಕೈ

ಕ್ಯೂಬಾದ ‘ಸೋನ್’ ಸಂಗೀತದಲ್ಲಿ ಗಿಟಾರ್ ಹಿಡಿದವನು ಹೀರೋ ಅಲ್ಲ. ಯಜಮಾನಿಕೆ ಕ್ಲಾವೆ ಅನ್ನೋ ಎರಡು ಮರದ ಕೋಲುಗಳದ್ದು. ಎರಡು ಆವರ್ತಕ್ಕೆ ಐದೇ ಪೆಟ್ಟು: ಒಂದರಲ್ಲಿ 3, ಇನ್ನೊಂದರಲ್ಲಿ 2. ಉಳಿದವರೆಲ್ಲ ಅದಕ್ಕೆ ಹೊಂದಿಕೊಂಡೇ ನುಡಿಸಬೇಕು. ಬೇಸ್ ನುಡಿಸುವವನಂತೂ ಎಷ್ಟೋ ಸಲ ಮೊದಲ ಬೀಟಿಗೆ ಕಾಯೋದೇ ಇಲ್ಲ, ಮುಂಚೆಯೇ ಬಂದು ಕೂತಿರ್ತಾನೆ.

ಅಪ್ಪ ಹಾಕೋ ತಾಳಕ್ಕೆ ಊರ ಭಜನೆ ಹಾಡಿ ಬೆಳೆದ ನನಗೆ ಇದೇ ಕಸಿವಿಸಿ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಸಮಕ್ಕೆ ಬಂದರೇ ಸಮಾಧಾನ.

ಈಗ ಆಫೀಸ್ ಮುಗಿಸಿ ರಾತ್ರಿ ಕಾಲಲ್ಲಿ ತಾಳ ಹಾಕ್ತಾ, ಕೈಯನ್ನು ಅದರ ಸಂದಿಗೆ ತಳ್ಳುತ್ತೇನೆ. ಬಾರಿಸಿದ ತಕ್ಷಣ ಎಡಗೈ ಸಡಿಲಿಸಿ ತಂತಿಯ ಬಾಯಿ ಮುಚ್ಚಿಸಬೇಕು. ಆ ಮೌನಕ್ಕೇ ಕುಣಿಯೋರ ಕಾಲು ಏಳೋದು.

ಮೊನ್ನೆ ಅಪ್ಪನಿಗೆ ಫೋನಲ್ಲಿ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾಳ ಯಾರೋ ಹಾಕ್ತಿರೋದು?” ಅಂದ್ರು.

“ನನ್ನ ಕಾಲೇ ಅಪ್ಪಾ.”