ಎರಡ ರೂಪಾಯಿ ಪೋಕರ್

ಪೋಕರ್ ಅಂದ್ರ ಸುಳ್ಳ ಹೇಳಿ ಗೆಲ್ಲೂದು ಅಂತ ನಮ್ಮನಿಯವರ ತಿಳುವಳಿಕಿ. ಮೊಬೈಲ್‌ನ್ಯಾಗಿನ ಎರಡ ರೂಪಾಯಿ ಆಟದಾಗ ಸುಳ್ಳ ನಡಿಯಂಗಿಲ್ರೀ! 'ಹೋದ್ರ ಎರಡ ರೂಪಾಯಿ, ಏನ ಅದ ನೋಡೇಬಿಡೂಣು' ಅಂತ ಎದುರಿನವ್ರು ಎಲಿ ಬಿಡಂಗೇ ಇಲ್ಲ. ಹಂಗಾಗಿ ನಾ ಬಹಳಷ್ಟು ಎಲಿ ಒಗದು ಸುಮ್ನ ಕೂಡತಿದ್ದೆ, ಛಲೋ ಎಲಿ ಬಂದಾಗಷ್ಟ ರೊಕ್ಕ ಏರಸತಿದ್ದೆ. ಕೈಯಾಗ ಜೋಡಿ ಎಕ್ಕಾ ಬರೂದು ಸರಾಸರಿ 221 ಸಲಕ್ಕ ಒಮ್ಮೆ. ಅಲ್ಲೀತನಕಾ ಕುಕ್ಕರ್ ಸೀಟಿ ಎಣಸೂದು. ಒಂದ ಜಾತಿದು ನಾಕ ಎಲಿ ಕೂಡಿದ್ರ, ಐದನೇದು ಮುಂದಿನ ಎಲಿಗೇ ಬರೂದು ಸುಮಾರು ಐದರಾಗ ಒಮ್ಮೆ. ನಡುವಿನ ರಾಶಿ 20 ಇದ್ದು ನನಗ 10 ಕೇಳಿದ್ರ ಬ್ಯಾಡ ಅಂತಿದ್ದೆ.

ಸೀರಿಗೆ ಫಾಲ್ ಹಚ್ಚಿದ ರೊಕ್ಕದಾಗ ತಿಂಗಳಿಗೆ 200, ಮುಗದ್ರ ಆಟ ಬಂದ್. 2025ರ ಆಗಸ್ಟ್‌ನಾಗ ಕೇಂದ್ರದ ಕಾಯ್ದೆ ಬಂದು ರೊಕ್ಕದ ಆಟ ನಿಂತವು. ಸಾಲಾ ಮಾಡಿ ಆಡೋರ ಮನೀಗೆ ಅದು ಬೇಕಾಗಿತ್ತು. ನನಗ ಒಂಚೂರು ಸಂಕಟ ಆತು ಖರೆ. ಈಗ ಪುಗಸಟ್ಟೆ ಚಿಪ್ಸಿನ ಆಟ. ಅಲ್ಲೆ ಅಂತೂ ಎಲಿ ಒಗಿಯೋರೇ ಇಲ್ಲ.