ನಿಂತ ನೀರಿನ ದಾರಿಯಲ್ಲಿ ಆರು ವಾರ

ಘಟಪ್ರಭಾ, ಮಲಪ್ರಭಾ ಕಾಲುವೆಗಳ ದಂಡೆಯ ಮೇಲೆ ಮೂವತ್ತನಾಲ್ಕು ವರ್ಷ ನಡೆದು ಸವೆದ ಕಾಲುಗಳು ನನ್ನವು. ನೀರಾವರಿ ಇಲಾಖೆಯಿಂದ ನಿವೃತ್ತನಾದ ಮೇಲೆ ಇನ್ನು ಕಾಲುವೆಯ ಮುಖ ನೋಡುವ ಪ್ರಸಂಗ ಬರಲಾರದೆಂದೇ ಭಾವಿಸಿದ್ದೆ. ಆದರೆ 2023ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ ಆರು ವಾರಗಳ ಕಾಲ ಕಾಲುವೆಯ ನೀರಿನ ಮೇಲೆಯೇ ವಾಸ ಮಾಡುವ ಯೋಗ ಒದಗಿ ಬಂದಿತು. ಆ ಅನುಭವವನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನನ್ನ ಅಳಿಯಂದಿರು ಅಲ್ಲಿಯ ಶಾಲೆಯೊಂದರಲ್ಲಿ ಶಿಕ್ಷಕರು. ಜುಲೈ ಕೊನೆಯ ವಾರದಿಂದ ಅವರಿಗೆ ಆರು ವಾರ ರಜೆ. ಲಂಡನ್ನು, ಅರಮನೆಗಳು, ವಸ್ತುಸಂಗ್ರಹಾಲಯಗಳು ಎಂದು ನಾನು ಮನಸ್ಸಿನಲ್ಲಿಯೇ ಪಟ್ಟಿ ಮಾಡಿಕೊಂಡಿದ್ದೆ. ಹೋದ ಮೂರನೆಯ ದಿನ ಮಗಳು, “ಅಪ್ಪಾಜಿ, ಈ ಸಲ ಎಲ್ಲಿಗೂ ಓಡಾಡುವುದಿಲ್ಲ. ನಾವೊಂದು ಹಳೆಯ ದೋಣಿ ಕೊಂಡಿದ್ದೇವೆ. ಆಕ್ಸ್‌ಫರ್ಡಿನಿಂದ ಕಾಲುವೆಯಲ್ಲಿ ಹೋಗೋಣ. ಕರಿಯನಿಗೆ ಇನ್ನು ದೂರ ನಡೆಯಲಾಗುವುದಿಲ್ಲ, ಕಾರಿನಲ್ಲಿ ಬಹಳ ಹೊತ್ತು ಕೂರಲೂ ಆಗುವುದಿಲ್ಲ” ಎಂದಳು.

ಕರಿಯನೆಂದರೆ ಅವರ ಸಾಕುನಾಯಿ. ಹನ್ನೊಂದು ವರ್ಷದ ಕಪ್ಪು ಲ್ಯಾಬ್ರಡಾರ್. ಹಿಂಗಾಲಿನ ಕೀಲುಗಳಲ್ಲಿ ನೋವು. ನಮ್ಮ ಹಳ್ಳಿಯ ಮನೆಯಲ್ಲಿ ನಾಯಿ ಅಂಗಳದಲ್ಲಿರುತ್ತಿತ್ತೇ ಹೊರತು ಹೊಸ್ತಿಲು ದಾಟುತ್ತಿರಲಿಲ್ಲ. ಒಂದು ನಾಯಿಗಾಗಿ ಇಡೀ ರಜೆಯನ್ನೇ ಮೀಸಲಿಡುವುದು ನನಗೆ ಅತಿಯೆನಿಸಿತು. ಮಗಳ ಮುಖ ನೋಡಿ ಸುಮ್ಮನಾದೆ.

ಏಳು ಅಡಿಯ ಮನೆ

ಈ ದೋಣಿಗಳಿಗೆ ಅಲ್ಲಿ ನ್ಯಾರೋಬೋಟ್ ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಬಹಳ ಕಿರಿದು. ಅಗಲ ಆರು ಅಡಿ ಹತ್ತು ಅಂಗುಲ ಮಾತ್ರ. ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ನಮ್ಮದು ಐವತ್ತೇಳು ಅಡಿ. ಒಳಗೆ ಅಡುಗೆಯ ಕಟ್ಟೆ, ಗ್ಯಾಸಿನ ಒಲೆ, ಮಂಚಗಳು, ಚಿಕ್ಕ ಸ್ನಾನದ ಕೋಣೆ, ಚಳಿಗೆ ಕಬ್ಬಿಣದ ಅಗ್ಗಿಷ್ಟಿಕೆ ಎಲ್ಲವೂ ಒಂದರ ಹಿಂದೆ ಒಂದು. ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಅಂಥ ಅಡುಗೆಮನೆಯಲ್ಲಿಯೂ ಮಗಳು ಜೋಳದ ರೊಟ್ಟಿ ಬಡಿದಳೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಛಲ ಎಂಥದೆಂದು ತಿಳಿಯಬಹುದು.

ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ದಂಡೆಗೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಹೋಗುವಾಗ ಅದಕ್ಕಿಂತಲೂ ನಿಧಾನ. ಇಲ್ಲವಾದರೆ ಅವುಗಳ ಹಗ್ಗ ಜಗ್ಗಿ ಗೂಟ ಕಿತ್ತುಬರುತ್ತದೆ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇದು ರೂಢಿಯಾಗಲು ನನಗೆ ನಾಲ್ಕು ದಿನ ಬೇಕಾಯಿತು. ಎಂಜಿನ್ನಿನ ಸದ್ದು, ಬಾತುಕೋಳಿಗಳ ಕೂಗು, ಆಗಾಗ ಮಳೆ — ಇಷ್ಟೇ ಸಂಗಾತಿ. ನನ್ನಂತೆಯೇ ಕರಿಯನೂ ಹಿಂದಿನ ಕಟ್ಟೆಯ ಮೇಲೆ ಕುಳಿತು ದಂಡೆಯನ್ನು ನೋಡುತ್ತಿದ್ದ. ನೀರಿಗೆ ಬಿದ್ದರೆ ಎತ್ತಲೆಂದು ಬೆನ್ನಿನ ಮೇಲೆ ಹಿಡಿಯಿರುವ ತೇಲುಕವಚವನ್ನು ಅವನಿಗೆ ತೊಡಿಸಿದ್ದರು.

ಕಲ್ಲಿದ್ದಲು ತಂದ ಕಾಲುವೆ

ನಮ್ಮ ಕಾಲುವೆ ಹರಿಯುತ್ತದೆ. ಹೊಲಕ್ಕೆ ನೀರುಣಿಸುವುದು ಅದರ ಧರ್ಮ. ಅಲ್ಲಿಯ ಕಾಲುವೆಯಾದರೋ ಬಹುಮಟ್ಟಿಗೆ ನಿಂತ ನೀರು. ಸರಕು ಹೊರುವುದಕ್ಕಾಗಿ ತೋಡಿದ್ದು. ಬ್ರಿಜ್‌ವಾಟರಿನ ಡ್ಯೂಕನು ವರ್ಸ್ಲಿಯ ತನ್ನ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ತೋಡಿಸಿದ ಕಾಲುವೆ 1761ರಲ್ಲಿ ಪ್ರಾರಂಭವಾಯಿತು. ಅದರಿಂದ ಆ ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತೆಂದು ಹೇಳುತ್ತಾರೆ. ದಂಡೆಯ ಮೇಲೆ ನಡೆಯುವ ಒಂದೇ ಕುದುರೆ ಸುಮಾರು ಇಪ್ಪತ್ತೈದು ಟನ್ ಸರಕಿನ ದೋಣಿಯನ್ನು ಎಳೆಯಬಲ್ಲುದಾಗಿತ್ತು. ಅಂದಿನ ಕೆಸರು ರಸ್ತೆಯ ಗಾಡಿಗಳಿಗೆ ಇದು ಕನಸಿನ ಮಾತು. ಮುಂದಿನ ಅರ್ಧ ಶತಮಾನದಲ್ಲಿ ಇಂಗ್ಲೆಂಡಿನ ಉದ್ದಗಲಕ್ಕೂ ಕಾಲುವೆಗಳಾದವು. ಹಳೆಯ ಸೇತುವೆಗಳ ಕಲ್ಲಂಚಿನಲ್ಲಿ ಕುದುರೆಯ ಹಗ್ಗ ಕೊರೆದ ಆಳವಾದ ಗೀರುಗಳು ಇಂದಿಗೂ ಇವೆ. ಬಾವಿಯ ದಡದ ಕಲ್ಲಿನಲ್ಲಿ ಹಗ್ಗದ ಗುರುತು ಕಂಡವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ನಾವು ಹಿಡಿದ ಆಕ್ಸ್‌ಫರ್ಡ್ ಕಾಲುವೆಯನ್ನು ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಯೋಜಿಸಿದರು. ಅವರು 1772ರಲ್ಲಿ ತೀರಿಕೊಂಡರು. ಕಾಲುವೆ ಆಕ್ಸ್‌ಫರ್ಡ್ ಮುಟ್ಟಿದ್ದು 1790ರಲ್ಲಿ. ಬೆಟ್ಟ ಕಡಿಯುವ, ಏರಿ ಕಟ್ಟುವ ಖರ್ಚನ್ನು ಉಳಿಸಲು ಅವರು ನೆಲದ ಸಮಮಟ್ಟವನ್ನು ಅನುಸರಿಸಿಯೇ ದಾರಿ ಹಾಕಿದರು. ಹೀಗಾಗಿ ಕಾಲುವೆ ಹಾವಿನಂತೆ ಹೊರಳುತ್ತದೆ. ವರ್ಮ್‌ಲೈಟನ್ ಎಂಬ ಗುಡ್ಡವನ್ನು ಬಳಸಿ ಹೋಗುವಾಗ ಒಂದೇ ಕಟ್ಟಡ ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ, ಮತ್ತೊಮ್ಮೆ ಬಲಕ್ಕೆ ಕಾಣಿಸಿ ನಮ್ಮನ್ನು ನಗಿಸಿತು. ಲೆವೆಲ್ ಹಿಡಿದು ಗುಡ್ಡ ಸುತ್ತಿದ ನನಗೆ ಆ ಪುಣ್ಯಾತ್ಮನ ಕಷ್ಟ ಅರ್ಥವಾಯಿತು.

ರೈಲು ಬಂದ ಮೇಲೆ ಈ ವೈಭವ ಇಳಿಯಿತು. ಬಾಡಿಗೆ ಕುಸಿದಾಗ ದೋಣಿಯವರು ದಡದ ಮನೆಯನ್ನು ಬಿಟ್ಟು, ಹೆಂಡತಿ ಮಕ್ಕಳೊಡನೆ ದೋಣಿಯ ಹಿಂಬದಿಯ ಹತ್ತಡಿ ಕೋಣೆಯಲ್ಲಿಯೇ ಸಂಸಾರ ಹೂಡಿದರು. ಆ ಕೋಣೆಯ ಬಾಗಿಲುಗಳ ಮೇಲೆ, ನೀರಿನ ಕೊಡಗಳ ಮೇಲೆ ಗುಲಾಬಿ ಹೂವು, ಕೋಟೆಗಳ ಚಿತ್ರ ಬರೆಯುವುದು ಅವರ ಸಂಪ್ರದಾಯವಾಯಿತು. ಬಡತನದಲ್ಲಿಯೂ ಮನೆಯನ್ನು ಅಂದವಾಗಿಟ್ಟುಕೊಳ್ಳುವ ಆಸೆ ಎಲ್ಲ ದೇಶಗಳ ಹೆಂಗಸರಲ್ಲಿಯೂ ಒಂದೇ.

ಬ್ಯಾನ್‌ಬರಿ ಎಂಬ ಊರಿನಲ್ಲಿ ಟೂಲಿ ಮನೆತನದವರ ಹಳೆಯ ದೋಣಿಕಟ್ಟೆಯನ್ನು ನೋಡಿದೆವು. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರರು 1939ರಲ್ಲಿ ತಮ್ಮ ‘ಕ್ರೆಸ್ಸಿ’ ದೋಣಿಯನ್ನು ಇಲ್ಲಿಯೇ ಅಣಿಗೊಳಿಸಿ, ನವವಧುವಿನೊಡನೆ ಪಯಣ ಹೊರಟರು. ಆ ಪಯಣದ ಕುರಿತು ಅವರು ಬರೆದ ‘ನ್ಯಾರೋ ಬೋಟ್’ ಪುಸ್ತಕ 1944ರಲ್ಲಿ ಪ್ರಕಟವಾಯಿತು. ಅದನ್ನೋದಿದವರ ಉತ್ಸಾಹದಿಂದಲೇ 1946ರಲ್ಲಿ ಒಳನಾಡಿನ ಜಲಮಾರ್ಗಗಳನ್ನು ಉಳಿಸುವ ಸಂಘವೊಂದು ಹುಟ್ಟಿತು. 1962-63ರ ಭೀಕರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಅಳಿದುಳಿದ ಸರಕು ಸಾಗಣೆಯೂ ಬಹುಪಾಲು ನಿಂತಿತು. ಆದರೂ ಕಾಲುವೆಗಳು ಮುಚ್ಚಿಹೋಗಲಿಲ್ಲ. ಜನರು ಸ್ವಯಂಸೇವಕರಾಗಿ ಹೂಳೆತ್ತಿದರು, ಕದ ಕೂಡಿಸಿದರು. 2012ರಿಂದ ಸುಮಾರು ಎರಡು ಸಾವಿರ ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ ನೋಡಿಕೊಳ್ಳುತ್ತಿದೆ.

ನೀರಿನ ಮೆಟ್ಟಿಲು

ನೀರು ಏರು ಹತ್ತಲಾರದು. ಆದ್ದರಿಂದ ದೋಣಿಯನ್ನು ಹತ್ತಿಸಿ ಇಳಿಸಲು ಲಾಕ್‌ಗಳನ್ನು ಕಟ್ಟಿದ್ದಾರೆ. ಅದು ಏಳಡಿ ಅಗಲದ, ಎಪ್ಪತ್ತು ಅಡಿಗೂ ಮೀರಿ ಉದ್ದದ ಕಲ್ಲಿನ ತೊಟ್ಟಿ. ಎರಡು ತುದಿಗೂ ಮರದ ಭಾರಿ ಕದಗಳು. ದೋಣಿ ಒಳಗೆ ಬಂದ ಮೇಲೆ ಕದ ಮುಚ್ಚಿ, ಕಬ್ಬಿಣದ ಕೈಹಿಡಿಯಿಂದ ತಿರುಗಿಸಿ ತೂಬನ್ನೆತ್ತಿದರೆ ನೀರು ತುಂಬುತ್ತದೆ ಅಥವಾ ಇಳಿಯುತ್ತದೆ, ಅದರೊಡನೆ ದೋಣಿಯೂ. ಸಾಮರ್ಟನ್ನಿನಲ್ಲಿ ಒಂದೇ ಲಾಕ್ ನಮ್ಮನ್ನು ಹನ್ನೆರಡು ಅಡಿ ಎತ್ತಿತು. ಒಂದು ಸಲ ದಾಟಲು ಲಕ್ಷ ಲೀಟರಿಗೂ ಹೆಚ್ಚು ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಆದ್ದರಿಂದ ಎದುರಿನಿಂದ ದೋಣಿ ಬರುತ್ತಿದ್ದು, ಲಾಕ್ ಅವರಿಗೆ ಅನುಕೂಲವಾಗಿದ್ದರೆ, ನಾವು ಕಾಯಬೇಕು. ಪೊಲೀಸರಿಲ್ಲ, ದಂಡವಿಲ್ಲ, ಎಲ್ಲರೂ ಕಾಯುತ್ತಾರೆ. ನಮ್ಮಲ್ಲಿ ಕಾಲುವೆಯ ಮೇಲ್ತುದಿಯವರಿಗೂ ಕೆಳತುದಿಯವರಿಗೂ ನಡೆದ ಜಗಳಗಳನ್ನು ಬಿಡಿಸಿದವನು ನಾನು. ಈ ಶಿಸ್ತು ನನ್ನ ಮನಸ್ಸನ್ನು ಮುಟ್ಟಿತು.

ಇಳಿಯುವ ಲಾಕಿನಲ್ಲಿ ಒಂದು ಅಪಾಯವಿದೆ. ಮೇಲಿನ ಕದದ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದು ನೀರಿನೊಳಗೆ ಚಾಚಿಕೊಂಡಿರುತ್ತದೆ. ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಂಡರೆ ಮುಂಭಾಗ ಮಾತ್ರ ಇಳಿದು ದೋಣಿ ಮುಳುಗಬಹುದು. ದಡದ ಮೇಲೆ ಬಿಳಿ ಗೆರೆ ಬರೆದಿರುತ್ತಾರೆ. ಹಿಂಭಾಗ ಆ ಗೆರೆಯಿಂದ ಮುಂದೆಯೇ ಇರಬೇಕು.

ನ್ಯಾಪ್ಟನ್ ಗುಡ್ಡದಲ್ಲಿ ಒಂಬತ್ತು ಲಾಕುಗಳನ್ನು ಇಳಿಯಬೇಕು. ಅಂದು ಅಳಿಯಂದಿರು ಚುಕ್ಕಾಣಿ ಹಿಡಿದಿದ್ದರು. ಮಗಳು ದಡದ ಮೇಲೆ ಕೆಳಗಿನ ಕದದ ತೂಬಿನ ಬಳಿ. ಕರಿಯನ ಹಗ್ಗ ನನ್ನ ಕೈಯಲ್ಲಿತ್ತು. ಮಾಡಬೇಕಾದದ್ದು ಅಷ್ಟೇ ಕೆಲಸ. ನೀರಿಳಿಯುತ್ತಿದ್ದಂತೆ ಹೊಸ್ತಿಲ ಕಲ್ಲು ತಲೆಯೆತ್ತತೊಡಗಿತು. ಇನ್ನೂರು ವರ್ಷ ಹಿಂದಿನ ಕಟ್ಟಡವನ್ನು ನೋಡುವ ಆತುರದಲ್ಲಿ ಹಗ್ಗ ಬಿಟ್ಟು, ಬಗ್ಗಿ ನಿಂತೆ. ನನ್ನ ಹಿಂದೆಯೇ ಬಂದ ಕರಿಯನ ಹಿಂಗಾಲು ಜಾರಿತು. ಅವನು ದೋಣಿಯ ಹಿಂದೆ, ತಿರುಗಣಿಯ ಪಕ್ಕದಲ್ಲಿಯೇ ನೀರಿಗೆ ಬಿದ್ದ.

ಅಳಿಯಂದಿರು ಆ ಕ್ಷಣವೇ ಎಂಜಿನ್ ನಿಲ್ಲಿಸಿ, “ತೂಬು ಮುಚ್ಚು!” ಎಂದು ಕೂಗಿದರು. ಮಗಳು ಮುಚ್ಚಿದಳು. ನನಗೆ ಕೈಕಾಲು ಆಡಲಿಲ್ಲ. ನಮ್ಮ ಹಿಂದೆ ಸರದಿಗಾಗಿ ಕಾಯುತ್ತಿದ್ದ ದೋಣಿಯ ವೃದ್ಧೆಯೊಬ್ಬರು ಕೊಕ್ಕೆಯ ಕೋಲು ಹಿಡಿದು ಓಡಿ ಬಂದು, ದಡದ ಮೇಲೆ ಮಲಗಿ, ಕವಚದ ಹಿಡಿಗೆ ಕೊಕ್ಕೆ ಸಿಕ್ಕಿಸಿ ನಾಯಿಯನ್ನು ಅಳಿಯಂದಿರ ಕೈಗೆ ನೂಕಿದರು. ಎರಡು ನಿಮಿಷದೊಳಗೆ ಎಲ್ಲವೂ ಮುಗಿಯಿತು. ಕರಿಯ ನಡುಗುತ್ತ ಬಂದು ನನ್ನ ಕಾಲ ಮೇಲೆಯೇ ತಲೆಯಿಟ್ಟು ಮಲಗಿದ. ಯಾರೂ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು. ಕಾಲುವೆಯನ್ನು ಬಲ್ಲೆನೆಂಬ ಅಹಂಕಾರ, ನಾಯಿ ತಾನೇ ಎಂಬ ಉದಾಸೀನ — ಎರಡೂ ಸೇರಿ ಒಂದು ಜೀವವನ್ನು ಕಳೆಯುವುದರಲ್ಲಿದ್ದವು. ಅಂದಿನ ರಾತ್ರಿ ಅವನ ಮೈಯನ್ನು ಟವೆಲಿನಿಂದ ಒರೆಸಿದವನು ನಾನು. ನಾಯಿಯನ್ನು ಕೈಯಾರೆ ಮುಟ್ಟಿ ಉಪಚರಿಸಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಸಂಜೆ ಆ ತಾಯಿಯನ್ನು ಚಹಕ್ಕೆ ಕರೆದೆವು. ಗಂಡ ತೀರಿಕೊಂಡ ಮೇಲೆ ಮನೆ ಮಾರಿ, ತಮ್ಮ ಪುಟ್ಟ ನಾಯಿಯೊಡನೆ ದೋಣಿಯಲ್ಲಿಯೇ ಇದ್ದಾರೆ. ಖಾಯಂ ಕಟ್ಟೆಯಿಲ್ಲದ ದೋಣಿಯವರು ಒಂದೆಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂಬುದು 1995ರ ಕಾಯ್ದೆ. 2027ರ ನಂತರ ಕಾಲುವೆಗಳಿಗೆ ಸರ್ಕಾರದ ಅನುದಾನ ತಗ್ಗುವುದೆಂದು ಅದೇ ಜುಲೈಯಲ್ಲಿ ಪ್ರಕಟವಾಗಿತ್ತು; ಆ ಚಿಂತೆ ಅವರಿಗಿತ್ತು. ಒಂಟಿತನವಿಲ್ಲವೇ ಎಂದು ಕೇಳಿದೆ. “ನಾಯಿ ಇದ್ದರೆ ದಂಡೆಯ ಮೇಲೆ ಹೋಗುವವರೆಲ್ಲ ನಿಂತು ಮಾತನಾಡುತ್ತಾರೆ” ಎಂದು ನಕ್ಕರು. ಅದು ನಿಜ. ನನ್ನನ್ನು ಒಬ್ಬನೇ ಕಂಡಾಗ ತಲೆಬಾಗಿ ಹೋಗುತ್ತಿದ್ದ ಜನ, ಕರಿಯ ಜೊತೆಗಿದ್ದಾಗ ಅವನ ವಯಸ್ಸು, ಹೆಸರು, ಹೆಸರಿನ ಅರ್ಥ ಎಲ್ಲವನ್ನೂ ಕೇಳುತ್ತಿದ್ದರು. ಪತ್ನಿ ಅಗಲಿದ ಎರಡು ವರ್ಷಗಳಲ್ಲಿ ನಾನು ಅಷ್ಟು ಮಾತನಾಡಿರಲಿಲ್ಲ.

ಸ್ಟೋಕ್ ಬ್ರೂಯರ್ನಿನ ದಾದಿ

ಬ್ರಾನ್‌ಸ್ಟನ್ನಿನಿಂದ ಗ್ರ್ಯಾಂಡ್ ಯೂನಿಯನ್ ಕಾಲುವೆ ಹಿಡಿದೆವು. ಇಲ್ಲಿಯ ಲಾಕುಗಳು ಎರಡು ದೋಣಿ ಜೊತೆಯಾಗಿ ಹಿಡಿಸುವಷ್ಟು ಅಗಲ. ಆ ತಾಯಿಯ ದೋಣಿಯೂ ನಮ್ಮದೂ ಕೆಲವು ದಿನ ಜೋಡಿಯಾಗಿಯೇ ಸಾಗಿದವು. 1805ರಲ್ಲಿ ತೆರೆದ ಬ್ಲಿಸ್‌ವರ್ತ್ ಸುರಂಗ ಸುಮಾರು 2.8 ಕಿಲೋಮೀಟರ್. ಒಳಗೆ ಕುದುರೆಗೆ ದಾರಿಯಿಲ್ಲ. ಹಿಂದೆ ಆಳುಗಳು ಹಲಗೆಯ ಮೇಲೆ ಅಂಗಾತ ಮಲಗಿ, ಗೋಡೆಗೆ ಕಾಲು ಒದ್ದು ಒದ್ದು ದೋಣಿಯನ್ನು ಮುಂದೂಡುತ್ತಿದ್ದರು. ಆ ಕತ್ತಲೆಯಲ್ಲಿ, ತಲೆಯ ಮೇಲೆ ತೊಟ್ಟಿಕ್ಕುವ ನೀರಿನಲ್ಲಿ ಅದನ್ನು ನೆನೆದು ಮೈ ಜುಮ್ಮೆಂದಿತು.

ಸುರಂಗದಾಚೆ ಸ್ಟೋಕ್ ಬ್ರೂಯರ್ನ್ ಎಂಬ ಚಿಕ್ಕ ಹಳ್ಳಿ. ದಂಡೆಯ ಮೇಲೆ ಕಾಲುವೆಗಳ ವಸ್ತುಸಂಗ್ರಹಾಲಯವಿದೆ. ಸಿಸ್ಟರ್ ಮೇರಿ ವಾರ್ಡ್ ಎಂಬ ದಾದಿಯ ಊರು ಇದು. ಸದಾ ಸಂಚಾರದಲ್ಲಿರುವ ದೋಣಿಯವರಿಗೆ ಓದು ಬರಹವಿಲ್ಲ, ಗೊತ್ತಾದ ವೈದ್ಯರಿಲ್ಲ. ಈಕೆ ದಂಡೆಯ ಮೇಲಿದ್ದ ತಮ್ಮ ಮನೆಯನ್ನೇ ಅವರ ಚಿಕಿತ್ಸಾಲಯ ಮಾಡಿದರು. ಹೆರಿಗೆ, ಗಾಯ, ಜ್ವರ ಯಾವುದೇ ಇರಲಿ, ದೋಣಿಯವರು ಈ ಬಾಗಿಲಿಗೆ ಬರುತ್ತಿದ್ದರು. 1951ರಲ್ಲಿ ಸರ್ಕಾರ ಆಕೆಗೆ ಪದಕವಿತ್ತು ಗೌರವಿಸಿತು. ಕಾಯಕವೆಂಬ ನಮ್ಮ ಮಾತಿಗೆ ಇದಕ್ಕಿಂತ ಬೇರೆ ಅರ್ಥ ಹುಡುಕಬೇಕಾಗಿಲ್ಲವೆನಿಸಿತು. ಹಾದುಹೋಗುವ ಯಾತ್ರಿಕನನ್ನು ತನ್ನವನೆಂದು ನೋಡಿದವರು ಆಕೆ. ಕೋಲು ಹಿಡಿದು ಓಡಿಬಂದ ಆ ವೃದ್ಧೆಯೂ ಅದೇ ದಂಡೆಯವರು.

ಅಲ್ಲಿಂದ ಬಂದ ದಾರಿಯಲ್ಲಿಯೇ ಹಿಂದಿರುಗಿದೆವು. ಹೋಗುವಾಗ ಕ್ರಮಿಸಿದ್ದು ಸುಮಾರು 120 ಕಿಲೋಮೀಟರ್. ಮೂರು ವಾರ ಹಿಡಿಯಿತು. ಆಕ್ಸ್‌ಫರ್ಡಿನಿಂದ ಆ ಹಳ್ಳಿಗೆ ಕಾರಿನಲ್ಲಿ ಒಂದು ಗಂಟೆಯ ಆಸುಪಾಸು. ಮರಳುವಾಗ ನ್ಯಾಪ್ಟನ್ನಿನಲ್ಲಿ ಕರಿಯನ ಹಗ್ಗವನ್ನು ನಾನೇ ಕೇಳಿ ಪಡೆದೆ. ಮಗಳು ಒಂದು ಕ್ಷಣ ತಡೆದು, ನನ್ನ ಕೈಗೆ ಕೊಟ್ಟಳು. ಒಂಬತ್ತು ಲಾಕುಗಳ ಉದ್ದಕ್ಕೂ ನಾವಿಬ್ಬರೂ ದಂಡೆಯ ಮೇಲೆ ನಡೆದೆವು. ಅವನು ನಿಂತಲ್ಲಿ ನಾನು ನಿಂತೆ. ನನಗೆ ಉಸಿರು ಕಟ್ಟಿದಲ್ಲಿ ಅವನು ಕಾದ.

ಮರುವರ್ಷ ಮಾರ್ಚಿಯಲ್ಲಿ ಕರಿಯ ತೀರಿಕೊಂಡನೆಂದು ಮಗಳು ಫೋನಿನಲ್ಲಿ ತಿಳಿಸಿದಳು. ದೋಣಿಯನ್ನು ಮಾರಬೇಡವೆಂದು ಹೇಳಿದೆ. ಇತ್ತೀಚೆಗೆ ನಮ್ಮ ಓಣಿಯ ನಾಯಿಯೊಂದು ಸಂಜೆ ನನ್ನ ಜೊತೆ ಕಾಲುವೆಯ ದಂಡೆಯವರೆಗೂ ಬರುತ್ತದೆ. ಮನೆಗೆ ಮರಳಿದ ಮೇಲೆ ಅದಕ್ಕೊಂದು ತುಂಡು ರೊಟ್ಟಿ ಹಾಕುತ್ತೇನೆ, ಅಂಗಳದಲ್ಲಲ್ಲ, ಹೊಸ್ತಿಲೊಳಗೆ.