ಡಿಸ್ಚಾರ್ಜ್ ದಿನದ ಮೂರು ತಾಸು

ಪುಣೆ ಕ್ಯಾಂಪ್

ಪ್ರೀತಿಯ ಅಕ್ಕಾವ್ರೇ,

ಆರೋಗ್ಯ ವಿಮೆಯ ಪ್ರೀಮಿಯಂ ವರ್ಷಾ ವರ್ಷಾ ಏರುತ್ತಿದೆ, ಪಾಲಿಸಿ ಬಿಟ್ಟುಬಿಡಲೇ ಎಂದು ಧಾರವಾಡದಿಂದ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಈಗ ಬಿಟ್ಟರೆ, ಮುಂದೆ ಹೊಸದು ಮಾಡಿಸುವಾಗ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಮೊದಲಿನಿಂದ ಶುರುವಾಗುತ್ತದೆ. 2025ರ ಜನವರಿಯ ಆದೇಶದಂತೆ, ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿಯೂ ಹೋಗಿದೆ.

ನನ್ನ ಸಂಕಟ ಬೇರೆ. ಬೆಳಿಗ್ಗೆ ಡಾಕ್ಟರು ಮನೆಗೆ ಹೋಗಬಹುದು ಅಂದಿರುತ್ತಾರೆ. ಸಂಜೆಯಾದರೂ ವಿಮೆಯ ಕ್ಲೇಮ್ ನೋಡುವ ಟಿಪಿಎ ಕೌಂಟರಿನ ಮುಂದೆ ರೋಗಿಯ ಮಗ ಫೈಲು ಹಿಡಿದು ನಿಂತೇ ಇರುತ್ತಾನೆ. ಒಳಗಿನ ಹುಡುಗಿ ಸ್ಕ್ರೀನ್ ನೋಡಿ ‘ಅಜೂನ್ ಅಪ್ರೂವಲ್ ಆಲಂ ನಾಹೀ’ (ಇನ್ನೂ ಒಪ್ಪಿಗೆ ಬಂದಿಲ್ಲ) ಎನ್ನುತ್ತಾಳೆ. ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಪ್ರಕಾರ ಡಿಸ್ಚಾರ್ಜಿಗೆ ಒಪ್ಪಿಗೆ ಮೂರು ತಾಸಿನೊಳಗೆ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಾಕಿದರೆ ಅದನ್ನು ಕಂಪನಿ ತನ್ನ ಷೇರುದಾರರ ನಿಧಿಯಿಂದ ಕೊಡಬೇಕು. ಚಲೋ ನಿಯಮ. ಆದರೆ ಗಡಿಯಾರ ನೋಡಿ ಜಗಳ ತೆಗೆಯುವ ಕೆಲಸ ಈಗಲೂ ಆ ಮಗನದೇ. ಆ ಹಣ ಕೇಳದೆಯೇ ಬಿಲ್ಲಿನಲ್ಲಿ ಕಳೆಯಬೇಕು ಎನ್ನುತ್ತೇನೆ ನಾನು.

ಇನ್ನು ಕೋಣೆಯ ಬಾಡಿಗೆ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1 ಮಿತಿ ಇದ್ದರೆ 3,000 ರೂಪಾಯಿ. ನೀವು 6,000ದ ಕೋಣೆ ಹಿಡಿದಿರಿ ಅನ್ನಿ. ಬಾಡಿಗೆಯ ವ್ಯತ್ಯಾಸವಷ್ಟೇ ಕೈಯಿಂದ ಹೋಗುತ್ತದೆ ಎಂದುಕೊಂಡಿರುತ್ತೀರಿ. ಆದರೆ ಸರ್ಜನ್ ಫೀ, ಥಿಯೇಟರ್ ಖರ್ಚಿನಲ್ಲೂ ಅರ್ಧ ಹೋಗಿರುತ್ತದೆ. (ಔಷಧ, ಇಂಪ್ಲಾಂಟ್, ತಪಾಸಣೆಗಳಿಗೆ ಈ ಕಡಿತ ಹಾಕುವಂತಿಲ್ಲ, ಮೊದಲು ಅದನ್ನೇ ನೋಡಿ.) ಆಸ್ಪತ್ರೆಗಳು ಕೋಣೆಯ ದರ್ಜೆ ನೋಡಿ ಎಲ್ಲದರ ದರ ಏರಿಸುತ್ತವೆ, ಕಂಪನಿ ಅದನ್ನೇ ನೆಪ ಮಾಡುತ್ತದೆ. ಅದೇ ಸರ್ಜನ್, ಅದೇ ಥಿಯೇಟರ್, ಅದೇ ಹೊಲಿಗೆ. ಕೋಣೆ ಬದಲಾದರೆ ಆಪರೇಷನ್ ಯಾಕೆ ತುಟ್ಟಿಯಾಗಬೇಕು?

ಪ್ರಾಧಿಕಾರಕ್ಕೆ ಕಂಪನಿಗಳ ಮೇಲೆ ಅಧಿಕಾರವಿದೆ, ಆಸ್ಪತ್ರೆಯ ದರದ ಮೇಲಿಲ್ಲ. ಒಂದೇ ಕಡೆ ಕಡಿವಾಣ ಹಾಕಿದರೆ ಏಟು ನಮಗೇ. 2003ರಲ್ಲಿ ಕರ್ನಾಟಕದ ಸಹಕಾರಿ ಸಂಘದ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ತಿಂಗಳಿಗೆ 5 ರೂಪಾಯಿ ವಂತಿಗೆಯಲ್ಲಿ ಅದು ನಡೆದದ್ದು ಆಪರೇಷನ್ನುಗಳ ದರ ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಲು ಕರ್ನಾಟಕ ಹೊರಟಾಗ ವೈದ್ಯರು ಮುಷ್ಕರ ಹೂಡಿದರು, ಕಾಯ್ದೆ ಸಡಿಲವಾಯಿತು. ಸಣ್ಣ ನರ್ಸಿಂಗ್ ಹೋಮಿನವರ ಕಷ್ಟ ನನಗೂ ಗೊತ್ತು. ಆದರೂ ಆ ಮಸೂದೆಯನ್ನು ಮತ್ತೆ ಕೈಗೆತ್ತಿಕೊಳ್ಳಲೇಬೇಕು, ಮಹಾರಾಷ್ಟ್ರವೂ ಅಂಥದೊಂದು ತರಬೇಕು.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಕಂಪನಿ ಕಾರಣ ಕೊಡಲೇಬೇಕು. ಕಂಪನಿಗೆ ದೂರು ಕೊಟ್ಟು ತಿಂಗಳಾದರೂ ಉತ್ತರ ಬಾರದಿದ್ದರೆ ವಿಮಾ ಲೋಕಪಾಲರಿದ್ದಾರೆ. ನಮಗೆ ಇಲ್ಲಿ ನಾರಾಯಣ ಪೇಟೆಯಲ್ಲಿ, ನಿಮಗೆ ಬೆಂಗಳೂರಿನಲ್ಲಿ. ಫೀಸಿಲ್ಲ, ವಕೀಲರು ಬೇಕಿಲ್ಲ. ನಿಮ್ಮ ಪಾಲಿಸಿಯ ಎಲ್ಲ ಪುಟಗಳ ಜೆರಾಕ್ಸ್ ಕಳಿಸಿ, ಸಣ್ಣ ಅಕ್ಷರದ್ದನ್ನೂ ಬಿಡಬೇಡಿ. ಕೋಣೆಯ ಮಿತಿ ಎಷ್ಟಿದೆ ಎಂದು ಓದಿ ತಿಳಿಸುತ್ತೇನೆ.

ನಿಮ್ಮ ತಮ್ಮ